ಕೊಟ್ರಪ್ಪ ಮಾಡಿಕೊಟ್ಟ ನಾಲ್ಕು ಚಿಲುಮೆ

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯಿಂದ ಬ್ಯಾಡಗಿಗೆ ಹೊರಳುವ ರಸ್ತೆಯ ಮಗ್ಗುಲಿಗೆ ಕೊಟ್ರಪ್ಪನ ಅಂಗಡಿ. ಬೆನ್ನಿಗೆ ಹಾಕಿಕೊಂಡು ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಯುತ್ತಾರಲ್ಲ, ಆ ಪಂಪುಗಳನ್ನು ಅವನು ರಿಪೇರಿ ಮಾಡುತ್ತಿದ್ದ. ಆ ಸೀಮೆಯ ರೈತರ ಬಾಯಲ್ಲಿ ಅದು ಎಣ್ಣಿ ಪಂಪು. ವಾಷರು ಬದಲಿಸುವುದು, ಸೋರುವ ಡಬ್ಬಿಗೆ ತೇಪೆ ಹಾಕುವುದು, ಒಡೆದ ಹಿತ್ತಾಳೆ ಕೊಳವೆಗೆ ಸೀಸದ ಬೆಸುಗೆ ಹಚ್ಚುವುದು, ಮೂವತ್ತು ವರ್ಷದಿಂದ ಇದೇ ಕೆಲಸ. ಅಂಗಡಿ ಎಂದರೆ ನಾಲ್ಕೂ ಕಡೆ ತಗಡು, ಒಂದು ಬಾಗಿಲು. ಕಿಟಕಿ ಇಲ್ಲ. ಬೆಸುಗೆಯ ಹೊಗೆ ಎದ್ದರೆ ಹೊರಗೆ ಹೋಗಲು ಬಾಗಿಲನ್ನೇ ಹುಡುಕಬೇಕು.

ಅವನ ಓಣಿಯವನೇ ಮೈಲಪ್ಪ. ಇಬ್ಬರೂ ನಾಲ್ಕನೇ ಇಯತ್ತೆಯವರೆಗೆ ಒಂದೇ ಹಲಗೆಯ ಮೇಲೆ ಕುಳಿತವರು. ಮೈಲಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಬೆಳಗಿನಿಂದ ಸಂಜೆಯವರೆಗೆ ಚೀಲ ಹೊತ್ತು, ಲಾರಿಗೆ ತುಂಬಿ, ಮಧ್ಯೆ ಎರಡು ಸಲ ಗೋದಾಮಿನ ಕಟ್ಟೆಗೆ ಬೆನ್ನು ಕೊಟ್ಟು ಚಿಲುಮೆ ಸೇದುವುದೇ ಅವನ ಸುಖ. ಆದರೆ ಮಣ್ಣಿನ ಚಿಲುಮೆ ಹಮಾಲನ ಕಿಸೆಯಲ್ಲಿ ಎಷ್ಟು ದಿನ ಉಳಿದೀತು? ಚೀಲ ತಾಗಿದರೆ ಒಡೆಯಿತು, ಅಂಗಿ ಬಿಚ್ಚಿ ಒಗೆದರೆ ಒಡೆಯಿತು. ಮಾಡಿಕೊಡುತ್ತಿದ್ದ ಕುಂಬಾರ ಮುದುಕನೂ ಕೈ ನಡುಗುತ್ತದೆಂದು ತಿಗರಿ ಮೂಲೆಗೆ ಸೇರಿಸಿದ್ದ. ಒಂದು ದಿನ ಮೈಲಪ್ಪ ಅಂಗಡಿಗೆ ಬಂದು, ಒಡೆದ ಚೂರುಗಳನ್ನು ಅಂಗೈಯಲ್ಲಿ ತೋರಿಸಿದ.

“ಈ ತಿಂಗಳಾಗ ಮೂರನೇದು ನೋಡಪಾ. ಒಡೀಲಾರದ್ದು ಒಂದು ಮಾಡಿಕೊಡಾಕ ಆಗೂದಿಲ್ಲೇನು ನಿಂಗ?”

ಕೊಟ್ರಪ್ಪ ಗುಜರಿ ರಾಶಿ ಕೆದರಿದ. ಹಳೇ ಎಣ್ಣಿ ಪಂಪಿನ ಹಿತ್ತಾಳೆ ಕೊಳವೆ ಸಿಕ್ಕಿತು. ಗೇಣುದ್ದ ಕತ್ತರಿಸಿದ. ಸೋಡಾ ಹಾಕಿ ಕುದಿಸಿದ, ಬೂದಿ ಹಚ್ಚಿ ತಿಕ್ಕಿದ, ಮೂಗಿಗೆ ಹಿಡಿದು ನೋಡಿದ. ಔಷಧದ ವಾಸನೆ ಹೋಗಿತ್ತು. ಕೆಂಡ ಕೂರಲು ಮೇಲೊಂದು ಹಿತ್ತಾಳೆ ಬಟ್ಟಲು ಕೂರಿಸಿ, ಎರಡರ ಸಂದಿಗೆ ಸೀಸ ಕರಗಿಸಿ, ಸುತ್ತ ಉಂಗುರದಂತೆ ದಪ್ಪಗೆ ಬೆಸುಗೆ ಹಾಕಿದ. ನಿಂಬೆಹಣ್ಣು ತಿಕ್ಕಿದ ಮೇಲೆ ಅದು ಹೊಸ ಗಿಂಡಿಯ ಹಾಗೆ ಹೊಳೆಯಿತು. ಮೈಲಪ್ಪ ಅದನ್ನು ಬೇಕೆಂದೇ ನೆಲಕ್ಕೆ ಕೆಡವಿದ, ಎತ್ತಿದ, ನಕ್ಕ. ಸ್ನೇಹಿತನಿಗೆ ಮಾಡಿಕೊಟ್ಟಿದ್ದಕ್ಕೆ ಕೊಟ್ರಪ್ಪ ಏನೂ ತೆಗೆದುಕೊಳ್ಳಲಿಲ್ಲ.

ಅದನ್ನು ನೋಡಿ ಇನ್ನೂ ಮೂವರು ಮಾಡಿಸಿಕೊಂಡರು. ಪೇಟೆಯ ಇನ್ನೊಬ್ಬ ಹಮಾಲ ಪುಂಡಲೀಕ ಒಂದು. ಅಗಡಿಯ ರೈತ ನಾಗಪ್ಪ ಒಂದು. ಮೀಸೆ ಸುಡುತ್ತದೆಂದು ಅವನು ಮೊಳದುದ್ದದ ಕೊಳವೆ ಬೇಕೆಂದಿದ್ದ. ರಾಣೆಬೆನ್ನೂರಿನ ಲಾರಿ ಡ್ರೈವರ್ ಯುವರಾಜ ಒಂದು. ಒಟ್ಟು ನಾಲ್ಕು. ಇದು ನಾಲ್ಕು ವರ್ಷದ ಹಿಂದಿನ ಮಾತು.

ಮೈಲಪ್ಪನಿಗೆ ಮೊದಲು ಬಂದಿದ್ದು ದಣಿವು. ಹಮಾಲನಿಗೆ ದಣಿವು ಬಂದರೆ ಯಾರು ಅದನ್ನು ರೋಗ ಅನ್ನುತ್ತಾರೆ? ಅವನೂ ಅನ್ನಲಿಲ್ಲ. ಆಮೇಲೆ ಹೊಟ್ಟೆನೋವು ಶುರುವಾಯಿತು. ಒದ್ದೆ ಬಟ್ಟೆ ಹಿಂಡಿದ ಹಾಗೆ ಕರುಳು ಹಿಂಡುತ್ತಿತ್ತು. ಮೂರು ಮೂರು ದಿನ ಬಯಲ ಕಡೆ ಆಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಗ್ಯಾಸಿನ ಗುಳಿಗೆ ಕೊಟ್ಟರು. ರಾಣೆಬೆನ್ನೂರಿನಲ್ಲಿ ಸ್ಕ್ಯಾನ್ ಮಾಡಿ, ಏನೂ ಇಲ್ಲವೆಂದು ಬೇರೆ ಬಣ್ಣದ ಗುಳಿಗೆ ಕೊಟ್ಟರು. ಮೆಣಸಿನ ಘಾಟು ಎಂದರು ಕೆಲವರು. ಉಷ್ಣ ಎಂದರು ಕೆಲವರು. ಅವನ ಹೆಂಡತಿ ಭರಮವ್ವ ಮಾತ್ರ ಬೇರೆಯೇ ತೀರ್ಮಾನಕ್ಕೆ ಬಂದಿದ್ದಳು. ಅವಳೂ ಪೇಟೆಯಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು.

“ಕದ್ದು ಕುಡೀತಾನ ಕೊಟ್ರಣ್ಣ,” ಎಂದಳು ಒಂದು ದಿನ. “ಕುಡೀಲಾರದ ಮನಶಾಗ ಹಿಂಗ ಕೈ ನಡಗತಾವೇನು? ಖರೇ ಹೇಳಂದ್ರ ಗ್ವಾಡಿ ಕಡೆ ಮಕಾ ಮಾಡಿ ಮಲಗತಾನ.”

ಮೈಲಪ್ಪ ಕುಡಿಯುತ್ತಿರಲಿಲ್ಲ. ಕೊಟ್ರಪ್ಪನಿಗೆ ಅದು ಗೊತ್ತಿತ್ತು, ಆದರೂ ಅವನಿಗೇ ಅನುಮಾನ ಬಂದಿತ್ತು. ಈ ದೀಪಾವಳಿ ಕಳೆದ ಮೇಲೆ ಮೈಲಪ್ಪನ ಬಲಗೈ ಮುಂಗೈಯಿಂದ ಕೆಳಗೆ ಜೋತುಬಿತ್ತು. ಚೀಲಕ್ಕೆ ಹಾಕುವ ಕೊಕ್ಕೆ ಹಿಡಿದರೆ ಬೆರಳಿನಿಂದ ಜಾರುತ್ತಿತ್ತು. ಪೇಟೆಯಲ್ಲಿ ಸೀಜನ್ನು ಏರುವ ಹೊತ್ತಿಗೆ ಅವನು ಮನೆಯ ಜಗಲಿಯ ಮೇಲಿದ್ದ.

ಹಾವೇರಿಗೆ ಕರೆದುಕೊಂಡು ಹೋದವನು ಕೊಟ್ರಪ್ಪ. ಒಂದು ಸಲವಲ್ಲ, ಐದು ಸಲ. ಬೆಳಿಗ್ಗೆ ಅಂಗಡಿಯ ಬಾಗಿಲು ಎಳೆದು, ಬಸ್ಸಿನಲ್ಲಿ ಸ್ನೇಹಿತನನ್ನು ಕಿಟಕಿಗೆ ಕೂರಿಸಿ, ಚೀಟಿಯ ಸಾಲಿನಲ್ಲಿ ನಿಂತು, ಬೆಂಚಿನ ಮೇಲೆ ಕಾದು, ಮತ್ತೆ ಬಸ್ಸು. ಅವನಿಗೂ ಈಚೆಗೆ ಮೊಳಕಾಲು ಸೋತು ಬರುತ್ತಿತ್ತು. ವಯಸ್ಸು ಎಂದುಕೊಂಡಿದ್ದ.

ಐದನೇ ಸಲ ಅವರನ್ನು ನೋಡಿದ್ದು ಸುಶ್ಮಿತಾ ಎಂಬ ಹೊಸ ಡಾಕ್ಟರಮ್ಮ. ದಾವಣಗೆರೆ ಕಡೆಯವರು, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಹಿಂದಿನ ಕಾಗದಗಳನ್ನೆಲ್ಲ ಒಂದೊಂದಾಗಿ ಓದಿದರು. ಆಮೇಲೆ ಮೈಲಪ್ಪನ ಬಾಯಿ ತೆಗೆಸಿ, ತುಟಿ ಎತ್ತಿ, ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಹಲ್ಲಿನ ಬುಡಕ್ಕೆ ವಸಡಿನ ಅಂಚಿನಲ್ಲಿ ನೀಲಿ ಕಪ್ಪಿನ ಒಂದು ಗೆರೆ ಎಳೆದ ಹಾಗಿತ್ತು.

“ಏನ್ ಕೆಲಸ ಮಾಡ್ತೀರಿ?”

“ಹಮಾಲಿರಿ. ಮೆಣಸಿನಕಾಯಿ ಚೀಲ.”

“ಬ್ಯಾಟರಿ ಅಂಗಡಿ, ಬಣ್ಣದ ಕೆಲಸ, ಇಂಥದ್ದೇನಾದರೂ?”

“ಇಲ್ಲರಿ.”

“ಬೀಡಿ, ಸಿಗರೇಟು?”

ಮೈಲಪ್ಪ ಎಡಗೈಯಿಂದ ಸೊಂಟದ ಚೀಲ ತಡಕಿ ಚಿಲುಮೆ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ಬಟ್ಟಲಿನ ಕೆಳಗಿನ ಬೆಸುಗೆಯ ಮೇಲೆ ಉಗುರು ಆಡಿಸಿದರು.

“ಇದು ಸೀಸ ಅಲ್ವಾ? ಯಾರು ಮಾಡಿದ್ದು ಇದನ್ನ?”

ಕೊಟ್ರಪ್ಪ ಬಾಯಿ ತೆಗೆಯುವ ಮೊದಲೇ ಮೈಲಪ್ಪ ಹೇಳಿದ, “ಯಾಂವೋ ಸಂತ್ಯಾಗ ಮಾರತಿದ್ದರಿ. ಯಾ ಊರಾಂವೋ ಏನೋ.”

ಡಾಕ್ಟರಮ್ಮ ಚಿಲುಮೆಯನ್ನು ಕೊಟ್ರಪ್ಪನ ಕೈಗಿಟ್ಟು, ಇನ್ನು ಮುಂದೆ ಇದನ್ನು ಸೇದಬಾರದು, ರಕ್ತ ತೆಗೆದು ಬೆಂಗಳೂರಿಗೆ ಕಳಿಸುತ್ತೇನೆ, ಬರಲು ಎಂಟು ಹತ್ತು ದಿನ ಬೇಕು ಎಂದರು. ಕೊಟ್ರಪ್ಪ ತನ್ನ ಕೈಕೆಲಸವನ್ನು ನೋಡಿದ. ಅಂದು ಉಂಗುರದಂತೆ ದಪ್ಪಗೆ ಸುತ್ತಿದ್ದ ಬೆಸುಗೆ ಈಗ ಅರ್ಧ ಇರಲಿಲ್ಲ. ಒಂದು ಮಗ್ಗುಲಿಗೆ ಪೂರಾ ಸವೆದು ಹಿತ್ತಾಳೆಯ ಸಂದಿ ಕಾಣುತ್ತಿತ್ತು. ಕಾದ ಕಬ್ಬಿಣ ಮುಟ್ಟಿಸಿದರೆ ಸೀಸ ನೀರಾಗುತ್ತದೆ ಎನ್ನುವುದು ಅವನಿಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೆ ಗೊತ್ತು? ಅದರ ಮೇಲೆ ನಿಗಿನಿಗಿ ಕೆಂಡ ಇಟ್ಟು ಉಸಿರು ಎಳೆಯುತ್ತಾರೆ ಎನ್ನುವುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ, ಅಷ್ಟೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೊಟ್ರಪ್ಪ ಕೇಳಿದ, “ಯಾಕಲೇ ಸುಳ್ಳು ಹೇಳಿದಿ?”

“ನೀ ಬೇಕಂತ ಮಾಡೀ ಏನು? ಡಾಕ್ಟರ್ರು ಬೈತಾರ. ಪೊಲೀಸಂತಾರ, ಇನ್ನೊಂದಂತಾರ. ನನಗ ಅದನ್ನೆಲ್ಲಾ ಕೇಳೂ ಅಷ್ಟು ತ್ರಾಣಿಲ್ಲ. ಸುಮ್ಮನ ಕುಂಡರು.”

ಆ ಹತ್ತು ದಿನ ಕೊಟ್ರಪ್ಪ ಅಂಗಡಿ ತೆಗೆದ, ಆದರೆ ಬೆಸುಗೆಯ ಕೆಲಸ ಮುಟ್ಟಲಿಲ್ಲ. ಬಂದ ರೈತರಿಗೆ ನಾಳೆ ಬಾ, ನಾಡಿದ್ದು ಬಾ ಎಂದ. ಹೆಂಡತಿ ಶಾರದವ್ವ ತಾಟಿನಲ್ಲಿ ಉಳಿದ ರೊಟ್ಟಿ ನೋಡಿ ಏನಾಯಿತೆಂದು ಕೇಳಿದಳು. ಮೊದಲು ಅವಳಿಗೆ ಹೇಳಿದ. ಅವಳು ಒಲೆಯ ಉರಿ ಆರಿಸಿದಳು. ಆಮೇಲೆ, “ಉಳದ ಮೂರು ಯಾರ ಹಂತೇಕ ಅದಾವು?” ಎಂದಳು.

ಅವನು ಅಲ್ಲಿಯವರೆಗೆ ಮೈಲಪ್ಪನೊಬ್ಬನ ಬಗ್ಗೆಯೇ ಯೋಚಿಸುತ್ತಿದ್ದ. ಉಳಿದ ಮೂರರ ನೆನಪಾಗಿದ್ದು ಆಗಲೇ.

ರಿಪೋರ್ಟು ಬಂತು. ರಕ್ತದಲ್ಲಿ ಸೀಸ ಇರಬಾರದಷ್ಟು ಇತ್ತು. ಡಾಕ್ಟರಮ್ಮ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಾಗದ ಬರೆಯುತ್ತಾ, “ಸಂತೆಯಲ್ಲಿ ಮಾರಿದ ಮನುಷ್ಯ ಸಿಕ್ಕರೆ ಒಳ್ಳೆಯದಿತ್ತು. ಇನ್ನೂ ಎಷ್ಟು ಜನ ಇದನ್ನ ಸೇದ್ತಿದ್ದಾರೋ,” ಎಂದರು.

“ಮಾಡಿದಾಂವ ನಾನರಿ,” ಎಂದ ಕೊಟ್ರಪ್ಪ. ಮೈಲಪ್ಪ ಅವನ ಕಡೆ ತಿರುಗಿ ನೋಡಿದ. “ಮೂವತ್ತು ವರ್ಷದಿಂದ ತಗಡಿನ ಅಂಗಡ್ಯಾಗ ಇದ ಬೆಸುಗಿ ಕೆಲಸರಿ. ನಾಕು ಮಾಡೇನ್ರಿ. ಇನ್ನೂ ಮೂರದಾವ. ಎಣ್ಣಿ ಪಂಪಿನ ಕೊಳವಿ ಅವು. ಕುದಿಸಿ ತೊಳದಿದ್ದೆರಿ.”

ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕುದಿಸಿದರೆ ಕೀಟನಾಶಕ ಪೂರ್ತಿ ಹೋಗುತ್ತದೆಂದು ನಂಬಲಾಗುವುದಿಲ್ಲ, ಸೀಸವಂತೂ ಕೆಂಡದ ಕಾವಿಗೆ ಹೊಗೆಯ ಜೊತೆ ಒಳಗೆ ಹೋಗುತ್ತದೆ, ತಂಬಾಕಿನ ಕೇಡು ಇದ್ದೇ ಇದೆ ಎಂದು ನಿಧಾನವಾಗಿ ಹೇಳಿದರು. ಕೊನೆಗೆ, “ಮೂರನ್ನೂ ವಾಪಸ್ ತಗೊಳ್ಳಿ. ಸೇದಿದವರನ್ನ ಕರ್ಕೊಂಡು ಬನ್ನಿ. ನಿಮ್ಮ ರಕ್ತಾನೂ ಕೊಟ್ಟು ಹೋಗಿ,” ಎಂದರು.

“ನಾ ಸೇದೂದಿಲ್ಲರಿ.”

“ಮೂವತ್ತು ವರ್ಷ ಮುಚ್ಚಿದ ಅಂಗಡಿಯಲ್ಲಿ ಸೀಸ ಕರಗಿಸಿದ್ದೀರಲ್ಲ?”

ಅವನು ತೋಳು ಚಾಚಿದ.

ಮೊದಲು ಹೋಗಿದ್ದು ಬ್ಯಾಡಗಿ ಪೇಟೆಗೆ. ಅಂಗಳದ ತುಂಬ ಕೆಂಪು ರಾಶಿ, ನಡೆದಲ್ಲೆಲ್ಲ ಸೀನು. ಪುಂಡಲೀಕ ಚಹಾದಂಗಡಿಯ ಮುಂದೆ ಅದೇ ಚಿಲುಮೆ ಹಿಡಿದು ಕುಳಿತಿದ್ದ. ವಿಷಯ ಕೇಳಿ ನಕ್ಕುಬಿಟ್ಟ.

“ನಮ್ಮ ಮುತ್ಯಾ ತೊಂಬತ್ತು ವರ್ಷ ಸೇದಿದ. ಅಂವಗೇನೂ ಆಗಲಿಲ್ಲ.”

“ನಿಮ್ಮ ಮುತ್ಯಾ ಮಣ್ಣಿಂದು ಸೇದಿದನೋ ತಮ್ಮಾ. ಇದು ನಾ ಮಾಡಿದ್ದು.”

“ಕೊಟ್ಟದ್ದನ್ನ ತಿರುಗಿ ಕೇಳತಾರೇನು? ಹೋಗ ಮಾರಾಯಾ.”

ಕೊಟ್ರಪ್ಪ ವಾದ ಮಾಡಲಿಲ್ಲ. ವಾದಕ್ಕೆ ಬೇಕಾದ ಕಸುವು ಅವನಲ್ಲಿರಲಿಲ್ಲ. ಚಿಲುಮೆ ಇಸಿದುಕೊಂಡು ಕೆಂಡ ಕೊಡವಿದ. ಆರಿದ ಮೇಲೆ ಬಟ್ಟಲಿನ ಕೆಳಗಿನ ಸಂದಿಗೆ ಬೆರಳಿಟ್ಟು ತೋರಿಸಿದ.

“ಇಲ್ಲಿ ನಾ ನನ್ನ ಕೈಯಿಂದ ಸುತ್ತೂ ಸೀಸ ತುಂಬಿದ್ದೆ. ನಿಂಗೂ ನೆನಪೈತಿ. ಇಷ್ಟು ದಪ್ಪ. ಈಗ ನೋಡು, ಅರ್ಧ ಇಲ್ಲ. ಎಲ್ಲಿ ಹೋತದು?”

ಪುಂಡಲೀಕ ನೋಡಿದ. ಚಹಾ ಕುಡಿಯುತ್ತಿದ್ದ ಇನ್ನಿಬ್ಬರು ಹಮಾಲರೂ ಬಗ್ಗಿ ನೋಡಿದರು.

“ಕೆಳಗ ಬಿದ್ದಿರಬೇಕು,” ಎಂದ.

“ಬಿದ್ದಿದ್ರ ಗುಂಡಾಗಿ ಸಿಗತಿತ್ತು. ಒಂದಾರ ಕಂಡೀ ಏನು, ನಾಕು ವರ್ಷದಾಗ?”

ಪುಂಡಲೀಕನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅವನಿಗೂ ಆರು ತಿಂಗಳಿಂದ ಹೊಟ್ಟೆ ಹಿಂಡುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಚಿಲುಮೆಯನ್ನು ಕೊಟ್ರಪ್ಪನ ಚೀಲಕ್ಕೆ ತಾನೇ ಹಾಕಿದ. ಸೋಮವಾರ ಹಾವೇರಿಗೆ ಬರುತ್ತೇನೆ ಎಂದ. ಬಂದ ಕೂಡ. ಬರುವಾಗ ದಾರಿಯಲ್ಲಿ ಎರಡು ಬೀಡಿ ಸೇದಿಕೊಂಡೇ ಬಂದ, ಅದು ಬೇರೆ ಮಾತು.

ಅಗಡಿಗೆ ಹೋಗುವುದು ಅವನಿಗೆ ಎಲ್ಲಕ್ಕಿಂತ ಭಾರವಾಗಿತ್ತು. ನಾಗಪ್ಪ ಹೋದ ವರ್ಷ ತೀರಿಹೋಗಿದ್ದ. ಹೊಲದಲ್ಲಿ ಕುಸಿದು ಬಿದ್ದ, ಎದೆ ನಿಂತಿತು ಎಂದು ಸುದ್ದಿ ಬಂದಾಗ ಕೊಟ್ರಪ್ಪ ಮಣ್ಣಿಗೆ ಹೋಗಿ ಬಂದಿದ್ದ. ಈಗ ಮನೆಯಲ್ಲಿದ್ದವರು ಸೊಸೆ ಸುರೇಖಾ ಮತ್ತು ಅವಳ ಮೂರು ವರ್ಷದ ಮಗಳು ಭುವನಾ. ನಾಗಪ್ಪನ ಮಗ ಎತ್ತು ಹೂಡಿಕೊಂಡು ಹೊಲಕ್ಕೆ ಹೋಗಿದ್ದ.

“ಬರ್ರಿ ಕಾಕಾ, ಒಳಗ ಬರ್ರಿ. ಚಹಾ ಇಡತೇನಿ,” ಎಂದು ಸುರೇಖಾ ಅಡುಗೆಮನೆಗೆ ಹೋದಳು. ಗ್ಯಾಸು ತೀರಿತ್ತು, ಕಟ್ಟಿಗೆ ಒಲೆಯ ಮುಂದೆ ಕುಳಿತಳು. ಉರಿ ಹತ್ತಲಿಲ್ಲ. ಅವಳು ಕೈ ಚಾಚಿ ಮೂಲೆಯಲ್ಲಿದ್ದ ಹಿತ್ತಾಳೆ ಕೊಳವೆ ತೆಗೆದುಕೊಂಡು, ತುದಿಗೆ ಬಾಯಿ ಹಚ್ಚಿ ಒಲೆ ಊದಿದಳು.

ಕೊಟ್ರಪ್ಪ ಎದ್ದೇ ಬಿಟ್ಟ. “ಬ್ಯಾಡವ್ವಾ! ಅದನ್ನ ಇಳಿಸು. ಬಾಯಿಗೆ ಹಚ್ಚಬ್ಯಾಡ!”

ಅವಳು ಬೆದರಿ ಕೈಬಿಟ್ಟಳು. ಮಾವ ಹೋದ ಮೇಲೆ ಅದು ಸುಮ್ಮನೆ ಬಿದ್ದಿತ್ತು, ಊದುಗೊಳವೆಗೆ ಛಲೋ ಆಯಿತೆಂದು ಬಳಸುತ್ತಿದ್ದೇನೆ ಎಂದಳು. ಕೂಸೂ ಅದರ ಜೊತೆ ಆಡುತ್ತದೆ, ಪೀಪಿ ಎಂದು ಊದುತ್ತದೆ. ಕೊಟ್ರಪ್ಪ ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಮುಚ್ಚಿಡಲಿಲ್ಲ. ಸುರೇಖಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಅದರ ಬಾಯಿ ಒರೆಸಿ, ಮತ್ತೆ ಒರೆಸಿದಳು.

“ಮಾವ ಇದರಿಂದ ಹೋದ್ರೇನ್ರಿ ಕಾಕಾ?”

“ಗೊತ್ತಿಲ್ಲವ್ವ.”

“ಕಡೀ ದಿನದಾಗ ಭಾಳ ದಣೀತಿದ್ರು. ಹೊಟ್ಟಿ ಹೊಟ್ಟಿ ಅಂತಿದ್ರು.”

“ಡಾಕ್ಟರಮ್ಮನೂ ಈಗ ಹೇಳಾಕ ಬರೂದಿಲ್ಲಂದ್ರು. ಎದಿದು ಇದ್ದರೂ ಇರಬಹುದು. ಅಲ್ಲ ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ.”

ಸುರೇಖಾ, ಗಂಡ ಬಂದ ಮೇಲೆ ಅವನಿಗೂ ನೀವೇ ಹೇಳಿ ಹೋಗಿ ಎಂದಳು. ಕೊಟ್ರಪ್ಪ ಮಧ್ಯಾಹ್ನ ಮೂರರವರೆಗೆ ಆ ಜಗಲಿಯ ಮೇಲೆ ಕಾದ. ಗಂಡ ಬಂದ, ಕೇಳಿದ. ಸಿಟ್ಟಿನಿಂದ ಒಂದು ಮಾತು ಜೋರಾಗಿ ಆಡಿದ. ಆಮೇಲೆ ಎತ್ತುಗಳಿಗೆ ನೀರು ಕುಡಿಸಲು ಹೋಗಿಬಿಟ್ಟ. ತಿರುಗಿ ಬಂದು, “ಕೂಸಿನ ರಕ್ತ ಯಾವಾಗ ತೋರಸಬೇಕು, ಹೇಳ್ರಿ,” ಎಂದ.

ನಾಲ್ಕನೆಯದು ಸಿಗಲೇ ಇಲ್ಲ. ರಾಣೆಬೆನ್ನೂರಿನಲ್ಲಿ ಯುವರಾಜನನ್ನು ಲಾರಿ ನಿಲ್ಲಿಸುವ ಜಾಗದಲ್ಲಿ ಹುಡುಕಿ ಹಿಡಿದಾಗ ಅವನು ತಲೆ ಕೆರೆದುಕೊಂಡ. ತಾನು ಅದನ್ನು ನಾಲ್ಕು ದಿನವೂ ಸೇದಲಿಲ್ಲ, ತುಟಿ ಸುಡುತ್ತಿತ್ತು, ದಾರಿಯ ಯಾವುದೋ ಧಾಬಾದಲ್ಲಿ ಕೇಳಿದವನಿಗೆ ಕೊಟ್ಟೆ ಎಂದ. ಯಾವ ಧಾಬಾ? ಚಿತ್ರದುರ್ಗದ ಈ ಕಡೆಗೋ ಆ ಕಡೆಗೋ ನೆನಪಿಲ್ಲ. ಯಾರು? ಕಂಬಳಿ ಹೊದ್ದಿದ್ದ ಒಬ್ಬ ಮುದುಕ. ಕೊಟ್ರಪ್ಪ ಎರಡು ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ, ಇಳಿದಿಳಿದು, ಧಾಬಾಗಳಲ್ಲಿ ಕೇಳಿ ಬಂದ. ಎರಡನೇ ಸಲ ಬಿಸಿಲಿಗೆ ಕಣ್ಣು ಕತ್ತಲೆ ಬಂದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತ. ಶಾರದವ್ವ ಫೋನಿನಲ್ಲಿ, “ಸಾಕು, ತಿರುಗಿ ಬರ್ರಿ,” ಎಂದಳು. ಅವನು ತಿರುಗಿ ಬಂದ. ಆ ಮುದುಕನ ನೆನಪು ಮಾತ್ರ ಊಟಕ್ಕೆ ಕುಳಿತಾಗ, ಕೆಲಸಕ್ಕೆ ಕುಳಿತಾಗ ಬರುತ್ತಲೇ ಇತ್ತು.

ಮೈಲಪ್ಪ ಹುಬ್ಬಳ್ಳಿಯಲ್ಲಿ ಮೂರು ವಾರ ಇದ್ದ. ಸೀಸವನ್ನು ಮೂತ್ರದಲ್ಲಿ ಹೊರಗೆ ಎಳೆಯುವ ಔಷಧ ಕೊಟ್ಟರು. ಹೊಟ್ಟೆನೋವು ನಿಂತಿತು, ಮುಖಕ್ಕೆ ಸ್ವಲ್ಪ ರಕ್ತ ಬಂತು. ಬಲಗೈ ಅರ್ಧ ಎದ್ದಿತು, ಪೂರಾ ಏಳಲಿಲ್ಲ. ಚೀಲ ಹೊರುವ ಮಾತು ಮುಗಿದಿತ್ತು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಹಗಲು ಕಾಯುವ ಕೆಲಸ ಸಿಕ್ಕಿತು. ಕುರ್ಚಿಯ ಮೇಲೆ ಕುಳಿತು, ಬರುವ ಲಾರಿಗೆ ಎಡಗೈಯಿಂದ ಗೇಟು ತೆಗೆಯುತ್ತಾನೆ.

ಅವನು ಮನೆಗೆ ಬಂದ ದಿನ ಕೊಟ್ರಪ್ಪ ಹೋಗಿ ಭರಮವ್ವನ ಮುಂದೆ ನಿಂತ. ಅವಳಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು.

“ಏನರ ಅನ್ನು ತಂಗೀ,” ಎಂದ.

ಭರಮವ್ವ ಪೇಟೆಯಿಂದ ಆಗಷ್ಟೇ ಬಂದಿದ್ದಳು. ಮೆಣಸಿನ ಉರಿಗೆ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕುಳಿತಿದ್ದಳು.

“ಏನನ್ಲಿ ಕೊಟ್ರಣ್ಣ? ನಿಂಗ ಬೈಯಬೇಕಂತ ಹಾದಿ ತುಂಬ ಮಾತು ಜೋಡಿಸಿಕೊಂಡು ಬಂದೆ. ನೀ ನಿಂತದ್ದು ನೋಡಿದ್ರ ಒಂದೂ ನೆನಪಾಗವಲ್ದು. ಎರಡು ವರ್ಷ ಅಂವಗ ಕುಡಕಾ ಕುಡಕಾ ಅಂದೆ ನಾ. ಒಂದಿನ ಕೂಳು ಹಾಕಲಿಲ್ಲ. ಅಂವ ಒಂದು ಮಾತು ತಿರುಗಿ ಆಡಲಿಲ್ಲ. ಅದನ್ನ ಯಾರ ಮುಂದ ಹೇಳಲಿ ನಾನು?” ಎಂದು ಮಜ್ಜಿಗೆಯ ಬಟ್ಟಲಿನ ಕಡೆಗೇ ನೋಡುತ್ತಾ ಹೇಳಿದಳು. “ಕುಂಡರು. ನಿಂತರ ನಿನ್ನ ಕಾಲೂ ನಡಗಾಕತ್ತಾವ.”

ಖರೆಯೇ ನಡುಗುತ್ತಿದ್ದವು. ಅವನ ರಿಪೋರ್ಟೂ ಬಂದಿತ್ತು. ಮೈಲಪ್ಪನಷ್ಟಿಲ್ಲದಿದ್ದರೂ ಅವನ ರಕ್ತದಲ್ಲೂ ಸೀಸ ಹೆಚ್ಚಿತ್ತು, ಪುಂಡಲೀಕನದಕ್ಕಿಂತಲೂ ಹೆಚ್ಚು. ಮಕ್ಕಳಿಲ್ಲದ ಮನೆಯೆಂದು ಡಾಕ್ಟರಮ್ಮ ಸ್ವಲ್ಪ ನಿರಾಳವಾದರು, ಇಲ್ಲದಿದ್ದರೆ ಮಕ್ಕಳಿಗೆ ವಿಷವೇರಲು ಅಂಗಿಯ ಧೂಳೇ ಸಾಕಿತ್ತಂತೆ. ಅವನು ತಗಡಿನ ಹಿಂಬದಿ ಕತ್ತರಿಸಿ ದೊಡ್ಡ ಕಿಟಕಿ ಮಾಡಿದ. ಬೆಸುಗೆಯ ಕೆಲಸವನ್ನು ಹೊರಗೆ ಬೇವಿನ ಗಿಡದ ಕೆಳಗೆ ಸಾಗಿಸಿದ, ಅದೂ ವಾರಕ್ಕೆ ಒಂದು ದಿನ. ಉಣ್ಣುವ ಮೊದಲು ಸಾಬೂನು ಹಚ್ಚಿ ಮೊಳಕೈವರೆಗೆ ತೊಳೆಯುವುದನ್ನು ಐವತ್ತಾರನೇ ವಯಸ್ಸಿನಲ್ಲಿ ಕಲಿತ. ಚಿಲುಮೆ ಮಾಡಿಕೊಡು ಎಂದು ಯಾರಾದರೂ ಬಂದರೆ, ಏಕೆ ಮಾಡುವುದಿಲ್ಲ ಎಂದು ಕೂರಿಸಿ ಹೇಳುತ್ತಾನೆ. ಕೆಲವರು ಕೇಳುತ್ತಾರೆ. ಕೆಲವರು ಹೌದೌದೆಂದು ಎದ್ದು, ನೀರಿನ ನಳದ ಪೈಪಿನಿಂದ ತಾವೇ ಮಾಡಿಕೊಳ್ಳುತ್ತಾರೆ. ಆ ಪೈಪಿಗೆ ಸತುವಿನ ಲೇಪ ಇರುತ್ತದೆ, ಕಾದರೆ ಅದೂ ವಿಷದ ಹೊಗೆ ಬಿಡುತ್ತದೆ ಎಂದು ಅವರ ಬೆನ್ನಿಗೆ ಕೂಗಿ ಹೇಳಿದ್ದೂ ಉಂಟು.

ಸುರೇಖಾಳ ರಕ್ತದಲ್ಲಿ ತುಸು ಸೀಸ ಇತ್ತು, ಕೂಸಿನದರಲ್ಲಿ ಅವಳಿಗಿಂತ ಒಂದು ಚೂರು ಹೆಚ್ಚಿತ್ತು. ಔಷಧ ಬೇಡ, ಹಾಲು, ಸೊಪ್ಪು, ಕಾಳು ಚೆನ್ನಾಗಿ ತಿನ್ನಲಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರಮ್ಮ. ಆ ಮೂರು ತಿಂಗಳನ್ನು ಕೊಟ್ರಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಳೆದ.

ಮೊನ್ನೆ ಆ ದಿನ ಬಂತು. ಅವನು ಮೊದಲ ಬಸ್ಸಿಗೇ ಹಾವೇರಿಗೆ ಹೋಗಿ ಎಲ್ಲರ ಹೆಸರಿನ ಚೀಟಿ ಮಾಡಿಸಿದ. ಸುರೇಖಾ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಬಸ್ಸಿನಲ್ಲಿ ಮಗಳನ್ನು ಎತ್ತಿಕೊಂಡು ಬಂದಳು. ಹತ್ತು ದಿನ ಮೊದಲೇ ಕೊಟ್ಟಿದ್ದ ರಕ್ತದ ರಿಪೋರ್ಟು ಬಂದಿತ್ತು, ಕೂಸಿನ ಸೀಸದ ಅಂಶ ಇಳಿದಿತ್ತು. ಡಾಕ್ಟರಮ್ಮ ಬೆರಳಿನಿಂದ ತೋರಿಸಿ, ಇಷ್ಟಿದ್ದದ್ದು ಇಷ್ಟಾಗಿದೆ ಎಂದಾಗ ಸುರೇಖಾ ಹೊರಗೆ ಬಂದು ಅದನ್ನು ಹಾಗೆಯೇ ಬೆರಳಿನಿಂದ ಅವನಿಗೆ ತೋರಿಸಿದಳು. ಅವನು ತಲೆಯಾಡಿಸಿದ. ಹತ್ತಿರ ಕುಳಿತ ಕೂಸಿಗೆ ಬಿಸ್ಕತ್ತಿನ ಪುಡಿಕೆ ಒಡೆದುಕೊಟ್ಟ. ತನ್ನ ಸರದಿ ಇನ್ನೂ ದೂರ ಇತ್ತು. ಬೆನ್ನು ಗೋಡೆಗೆ ಆನಿಸಿದ. ದವಾಖಾನೆಯ ಗದ್ದಲ, ಯಾರದೋ ಕೆಮ್ಮು, ಕಂಪೌಂಡರನ ಕೂಗು ಎಲ್ಲ ಒಂದಾಗಿ ದೂರ ಸರಿದವು. ಎಷ್ಟೋ ತಿಂಗಳಿಂದ ಹಗಲಿನಲ್ಲಿ ಹೀಗೆ ಕಣ್ಣು ಕೂಡಿರಲಿಲ್ಲ.

“ಕಾಕಾ,” ಎಂದು ಸುರೇಖಾ ಭುಜ ಮುಟ್ಟಿ ಅಲುಗಿಸಿದಳು. “ಏಳ್ರಿ ಕಾಕಾ. ಒಳಗ ನಿಮ್ಮ ಹೆಸರು ಕರಿಯಾಕತ್ತಾರ.”